ಕೆಂಪು ಬಟ್ಟೆಯ ಕೆಳಗೆ

ಲಂಗರಿನ ಹಗ್ಗಕ್ಕೆ ಕಟ್ಟಿದ ಒಂದು ಕೆಂಪು ಬಟ್ಟೆ ಈಗಲೂ ನನ್ನ ಕಣ್ಣ ಮುಂದಿದೆ. ಇಪ್ಪತ್ತೆಂಟು ಮೀಟರ್ ಆಳದಲ್ಲಿ ಕೆಂಪು ಕೆಂಪಾಗಿ ಕಾಣುವುದಿಲ್ಲ, ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಕಟ್ಟುತ್ತಿದ್ದವಳು ನನ್ನ ಅಕ್ಕ ತಾರಿಣಿ. ನಮ್ಮ ಊರಿನ ಕಡಲಲ್ಲಿ ಮುಳುಗಲು ಕಲಿಯುವವರಿಗೆಲ್ಲ ಅವಳೇ ಗುರು. ನನಗೂ, ಅವಳ ಗಂಡ ಮುಕುಂದ ಭಾವನಿಗೂ.

ನಾವು ಸಿಲಿಂಡರಿನಲ್ಲಿ ಒಯ್ಯುತ್ತಿದ್ದುದು ಆಮ್ಲಜನಕ ಹೆಚ್ಚಿಸಿದ ಗಾಳಿ. ಅದರಲ್ಲಿ ಸಾರಜನಕ ಕಡಿಮೆಯಾದ್ದರಿಂದ ಹೆಚ್ಚು ಹೊತ್ತು ಕೆಳಗಿರಬಹುದು. ಆದರೆ ಮಿತಿ ಮೀರಿ ಇಳಿದರೆ ಆ ಆಮ್ಲಜನಕವೇ ವಿಷ. ಸುಳಿವೇ ಕೊಡದೆ ಫಿಟ್ಸ್ ಬರುತ್ತದೆ, ಬಾಯಿಂದ ಉಸಿರಿನ ಕೊಳವೆ ಜಾರಿತೋ, ಮುಗಿಯಿತು. ಅಕ್ಕನ ಬಟ್ಟೆ ಆ ಮಿತಿಯ ಗುರುತು.

"ಅವರವರ ಸಿಲಿಂಡರಿನ ಆಮ್ಲಜನಕ ಅವರವರೇ ಅಳೀಬೇಕು. ಗಂಡ ಅಳೆದ, ತಂಗಿ ಅಳೆದ್ಲು ಅಂತ ನನ್ ಹತ್ರ ಹೇಳ್ಬೇಡಿ," ಎಂದು ಗದರುತ್ತಿದ್ದಳು. ಮದುವೆಮನೆಯ ಊಟದ ಪಂಕ್ತಿಯಲ್ಲೂ ಅದೇ ಪಾಠ. ತಲೆ ಚಿಟ್ಟು ಹಿಡಿಸುತ್ತಿದ್ದಳು.

ಆ ದಿನ ಮಧ್ಯಾಹ್ನ ಬಟ್ಟೆ ಕಟ್ಟಲು ಅವಳು ನಮಗಿಂತ ಮೊದಲೇ ಇಳಿದಿದ್ದಳು. ದೋಣಿಯಲ್ಲಿ ಭಾವನ ಸಿಲಿಂಡರ್ ಸೋರತೊಡಗಿತು. ಅವರು ಬದಲಿ ಸಿಲಿಂಡರ್ ಹಾಕಿಕೊಂಡರು. ಹೊರಗೆ, ಆಮ್ಲಜನಕ ಹೆಚ್ಚಿರುವ ಗುರುತಿನ ಹಳದಿ-ಹಸಿರು ಪಟ್ಟಿ ನಮ್ಮದರಂತೆಯೇ. ಅಳೆದು ನೋಡಿದರೆ ಒಳಗೆ ಬರೀ ಮಾಮೂಲಿ ಗಾಳಿ. ಅದನ್ನು ಉಸಿರಾಡುವವರಿಗೆ ಅಕ್ಕನ ಮಿತಿ ಅನ್ವಯಿಸುವುದಿಲ್ಲ, ಇನ್ನೂ ಆಳಕ್ಕೆ ಇಳಿಯಬಹುದು.

"ಅಕ್ಕಂಗೆ ಹೇಳ್ಬೇಕಲ್ಲ ಭಾವ?"

"ನೀರೊಳಗೆ ಇದಕ್ಕೆ ಸನ್ನೆ ಎಲ್ಲಿದೆ ಮಾರಾಯ್ತಿ? ನಾನೂ ನಿಮ್ ಜೊತೆ ಬಟ್ಟೆಯಿಂದ ಮೇಲೇ ಇರ್ತೀನಿ ಬಿಡು."

ಇರಲಿಲ್ಲ. ಬಟ್ಟೆಯ ಬಳಿ ನಾವು ಮೂವರೂ ಸೇರಿದ ಸ್ವಲ್ಪ ಹೊತ್ತಿಗೆ ಕೆಳಗೆ ಚಾಪೆಯಗಲದ ತೊರಕೆ ಮೀನೊಂದು ಸಾಗಿತು. ಭಾವ ಮೈಮರೆತು ಅದರ ಹಿಂದೆ ಇಳಿದುಬಿಟ್ಟರು. ಅಕ್ಕ ಚಾಕುವಿನ ಹಿಡಿಯಿಂದ ತನ್ನ ಸಿಲಿಂಡರನ್ನು ಟಣಟಣ ಬಡಿದಳು. ಅವರು ತಿರುಗಲಿಲ್ಲ. ನನಗೆ ಅಲ್ಲೇ ಇರು ಎಂದು ಕೈ ತೋರಿಸಿ, ತಲೆಕೆಳಗಾಗಿ ಧಾವಿಸಿದಳು.

ಭಾವನಿಗೇನೂ ಆಗುವುದಿಲ್ಲ, ಆಗುವುದಿದ್ದರೆ ಅಕ್ಕನಿಗೆ! ತಲೆ ಅಲ್ಲಾಡಿಸಿದೆ, ಕೈ ಬೀಸಿದೆ, ಅವಳ ಕಾಲಿನ ಈಜುರೆಕ್ಕೆ ಹಿಡಿದೆ. ಅದು ಜಾರಿಹೋಯಿತು. ಹಿಂದೆ ಹೋದರೆ ನನಗೂ ಅದೇ ಗತಿ. ಕೊಳವೆಯೊಳಗೇ ಕಿರುಚಿದೆ, ಗುಳ್ಳೆಗಳಷ್ಟೇ ಮೇಲೇರಿದವು.

ಅಕ್ಕ ಭಾವನ ತೋಳು ಹಿಡಿದದ್ದನ್ನು ಕಂಡೆ. ಅವರು ತಿರುಗಿದ್ದನ್ನು ಕಂಡೆ. ಆಮೇಲೆ ಅಕ್ಕನ ಮೈ ಸೆಟೆದು ಅದುರತೊಡಗಿತು. ಭಾವ ಅವಳ ಬಾಯಿಯ ಕೊಳವೆ ಜಾರದಂತೆ ಅಂಗೈಯಿಂದ ಒತ್ತಿಹಿಡಿದರು. ಅದುರಾಟ ನಿಂತ ಮೇಲೆ ಅವಳನ್ನು ಅಪ್ಪಿಕೊಂಡು ನಿಧಾನವಾಗಿ ಮೇಲಕ್ಕೆ ತಂದರು. ನಾನು ಇನ್ನೊಂದು ಕಡೆಯಿಂದ ಹಿಡಿದುಕೊಂಡೆ. ಅವಳು ಸತ್ತಳೆಂದೇ ನಂಬಿದ್ದೆ.

ಸಂಜೆ ಆಸ್ಪತ್ರೆಯಲ್ಲಿ ಅವಳಿಗೆ ಪೂರ್ತಿ ಎಚ್ಚರವಾಯಿತು. ಕಣ್ಣು ಭಾವನನ್ನು ಹುಡುಕಿತು. "ನಿಮಗೇನೂ ಆಗ್ಲಿಲ್ವಾ?"

"ನಂದು ಬರೀ ಗಾಳಿ ಕಣೇ. ದೋಣೀಲಿ ಬದಲಾಯಿಸ್ದೆ," ಎಂದರು ಭಾವ, ತಲೆ ಎತ್ತದೆ.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಊರಿಗೆಲ್ಲ ಪಾಠ ಹೇಳ್ತೀಯಲ್ಲ, ಎಷ್ಟು ಆಳಕ್ಕೆ ಹೋಗ್ತಿದ್ದೀನಿ ಅಂತ ನೋಡ್ಲಿಲ್ವೇನೇ?"

"ನೋಡ್ದೆ," ಎಂದಳು ಅಕ್ಕ.

ಭಾವ ಕುರ್ಚಿಯಿಂದ ಜಾರಿ ಮಂಚದ ಪಕ್ಕ ನೆಲಕ್ಕೆ ಕುಳಿತು, ದಿಂಬಿನಿಂದ ಇಳಿಬಿದ್ದ ಅವಳ ಒದ್ದೆ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅದರಿಂದ ಇನ್ನೂ ಉಪ್ಪುನೀರು ತೊಟ್ಟಿಕ್ಕುತ್ತಿತ್ತು.