ಎಣಿಸುವವಳ ಸರದಿ

ಹಳೆಯ ನೀರಿನ ಟ್ಯಾಂಕು ಕೆಡವಿ ಆ ಜಾಗದಲ್ಲಿ ಮಕ್ಕಳ ಪಾರ್ಕು ಮಾಡಿದ್ದಾರೆಂದು ಗೊತ್ತಾದಾಗಿನಿಂದ ಅಕ್ಕ ನನ್ನ ಪ್ರಾಣ ತಿನ್ನುತ್ತಿದ್ದಳು. "ಒಂದ್ಸಲ ನೋಡ್ಕೊಂಡು ಬರೋಣ ಬಾರೋ." ಕೊನೆಗೆ ಒಂದು ಸಂಜೆ ಅವಳ ಮೊಮ್ಮಗಳು ಪುಟ್ಟಿಯನ್ನು ಕರೆದುಕೊಂಡು ಹೋದೆವು.

ಪಾರ್ಕು ನೋಡಿ ನನ್ನ ಬಾಯಿಂದ ಒಳ್ಳೆಯ ಮಾತೇನೂ ಬರಲಿಲ್ಲ. ನೆಲಕ್ಕೆಲ್ಲ ರಬ್ಬರು ಹಾಸಿದ್ದಾರೆ. ಬಿದ್ದರೆ ಮೊಣಕಾಲು ತರಚುವುದಿಲ್ಲವಂತೆ. ಮೊಣಕಾಲು ತರಚಿಕೊಳ್ಳದೆ ದೊಡ್ಡವರಾಗುವ ಮಕ್ಕಳ ಬಗ್ಗೆ ನನಗೆ ಅನುಮಾನವಿದೆ. ಜಾರುಬಂಡೆ ಪ್ಲಾಸ್ಟಿಕ್ಕಿನದು. ನಮ್ಮ ಕಾಲದ ತಗಡಿನದು ಮಧ್ಯಾಹ್ನದ ಹೊತ್ತಿಗೆ ಕಾದ ಹೆಂಚಾಗಿರುತ್ತಿತ್ತು, ಚಡ್ಡಿ ಹರಿದವನ ಗತಿ ಕೇಳುವುದೇ ಬೇಡ. ಇದನ್ನೆಲ್ಲ ಅಕ್ಕನಿಗೆ ಹೇಳುತ್ತಾ ಹೋದೆ. ಅವಳ ಕಿವಿ ನನ್ನ ಕಡೆ ಇರಲೇ ಇಲ್ಲ. ಉಯ್ಯಾಲೆಗಳ ಮುಂದೆ ನಿಂತುಬಿಟ್ಟಿದ್ದಳು.

ನಾವು ಚಿಕ್ಕವರಿದ್ದಾಗ ಇಲ್ಲಿ ಟ್ಯಾಂಕಿನ ಕೆಳಗೆ ಇದ್ದದ್ದು ಒಂದೇ ಉಯ್ಯಾಲೆ. ಬೀದಿಯ ಮಕ್ಕಳೆಲ್ಲ ಅದಕ್ಕೇ ಮುಗಿಬೀಳುತ್ತಿದ್ದೆವು. ಒಬ್ಬೊಬ್ಬರಿಗೆ ಐವತ್ತು ಎಣಿಸುವಷ್ಟು ಹೊತ್ತು. ಎಣಿಸುವುದರಲ್ಲಿ ನಾವೆಲ್ಲ ಕಳ್ಳರೇ. ಬೇರೆಯವರು ಕೂತಿದ್ದರೆ ಹನ್ನೆರಡಾದ ಮೇಲೆ ನೇರ ನಲವತ್ತಕ್ಕೆ ಹಾರುತ್ತಿದ್ದೆವು. ಅಕ್ಕ ಒಬ್ಬಳೇ ಒಂದಂಕಿಯನ್ನೂ ನುಂಗುತ್ತಿರಲಿಲ್ಲ. ಯಾರಾದರೂ ಹಾರಿಸಿದರೆ "ತಪ್ಪು, ಮೊದ್ಲಿಂದ ಎಣ್ಸು" ಎಂದು ಹಟ ಹಿಡಿಯುತ್ತಿದ್ದಳು. ತಮ್ಮನೆಂದು ನನಗೂ ಒಂದು ಹೆಚ್ಚು ಕೊಟ್ಟವಳಲ್ಲ. ದಿನಾ ಜಗಳ ಯಾರಿಗೆ ಬೇಕೆಂದು ಎಣಿಸುವ ಕೆಲಸವನ್ನು ಎಲ್ಲರೂ ಸೇರಿ ಅವಳಿಗೇ ಗಂಟು ಹಾಕಿದರು. ಅವಳು ಉಯ್ಯಾಲೆ ಹತ್ತಿದರೆ ಎಣಿಸುವವರು ಯಾರು? ಅವಳ ಸರದಿ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು, ಅಮ್ಮ ಕೂಗುತ್ತಿದ್ದಳು, ಎಲ್ಲರೂ ಮನೆಗೆ ಓಟ. ಆ ಸಂಜೆಗಳನ್ನು ನೆನೆದರೆ ಈಗಲೂ ಸರಪಳಿಯ ಕಿರ್ರೆನ್ನುವ ಸದ್ದು ಕೇಳುತ್ತದೆ, ಅದರ ಜೊತೆಗೆ ಅಕ್ಕನ ಸಣ್ಣ ದನಿ. ಎಷ್ಟು ಸುಖವಾಗಿದ್ದೆವು! ಆಮೇಲೆ ಅವಳು ಹೊಲಿಗೆ ಮಿಷನ್ನಿನ ಮುಂದೆ ಕೂತವಳು, ಕಣ್ಣು ಮಂಜಾದ ಮೇಲೆಯೇ ಎದ್ದದ್ದು.

"ಒಂದೇ ಒಂದ್ಸಲ ಕೂತ್ಕೋಬೇಕು ಕಣೋ," ಎಂದಳು ಮೆಲ್ಲಗೆ.

"ಅದಕ್ಕೇನಂತೆ, ಕೂತ್ಕೋ."

"ಈ ವಯಸ್ಸಲ್ಲಾ? ಜನ ಏನಂದ್ಕೋತಾರೆ?"

"ಜನಕ್ಕೆ ಮಾಡೋಕೆ ಬೇರೆ ಕೆಲಸ ಇಲ್ವಾ?"

ನಾನು ಬಸ್ ಕಂಡಕ್ಟರ್ ಆಗಿದ್ದವನು; ಬಾಗಿಲಲ್ಲೇ ಸಂಕೋಚಪಟ್ಟು ನಿಲ್ಲುವವರನ್ನು ಒಳಗೆ ಕಳಿಸಿ ಅಭ್ಯಾಸ. ಕೈ ಹಿಡಿದು ಕೂರಿಸಿಯೇ ಬಿಟ್ಟೆ. ಅಕ್ಕ ಚಪ್ಪಲಿ ಬಿಟ್ಟು, ಸರಪಳಿ ಗಟ್ಟಿಯಾಗಿ ಹಿಡಿದು, ಇನ್ನೇನು ಕಾಲು ಎತ್ತಬೇಕು, ವಾಚ್‌ಮನ್ನನ ಸೀಟಿ ಕೇಳಿಸಿತು.

"ಅಮ್ಮಾ, ಇಳೀರಿ ಇಳೀರಿ. ಬೋರ್ಡ್ ನೋಡ್ಲಿಲ್ವಾ? ಇದು ಮಕ್ಕಳಿಗೆ ಮಾತ್ರ."

ಅಕ್ಕನ ಮುಖ ಸಣ್ಣದಾಯಿತು. ನನಗೆ ಪಿತ್ತ ನೆತ್ತಿಗೇರಿತು. ನಾನು ಬಾಯಿ ತೆರೆಯುವ ಮೊದಲೇ ಪುಟ್ಟಿ ಅಡ್ಡ ಬಂದಳು. ದಾರಿಯುದ್ದಕ್ಕೂ ಅಜ್ಜಿಯ ಬಾಯಿಂದ ಐವತ್ತರ ಕಥೆ ಕೇಳಿಕೊಂಡು ಬಂದವಳು ಅವಳು.

"ಅಂಕಲ್, ಈಗ ಅಜ್ಜಿ ಸರದಿ. ನಾನು ಐವತ್ತು ಎಣಿಸ್ತೀನಿ, ಆಮೇಲೆ ಇಳೀತಾಳೆ."

ವಾಚ್‌ಮನ್ ಅತ್ತಿತ್ತ ನೋಡಿದ. "ಐವತ್ತೇ ತಾನೆ? ಬೇಗ ಎಣ್ಸಮ್ಮ," ಎಂದು ಕೈಕಟ್ಟಿ ನಿಂತ.

ಪುಟ್ಟಿ ಗಂಟಲು ಹರಿಯುವಂತೆ ಶುರು ಮಾಡಿದಳು. ನಾನು ಹಿಂದಿನಿಂದ ತಳ್ಳಿದೆ. ಅಕ್ಕ ಮೊದಲು ಹೆದರಿದಳು, ಆಮೇಲೆ ನಕ್ಕಳು, ಆಮೇಲೆ ಅವಳ ಬಿಳಿಯ ತುರುಬು ಬಿಚ್ಚಿಕೊಂಡಿತು. "ಇಪ್ಪತ್ತೆಂಟು, ಇಪ್ಪತ್ತೊಂಬತ್ತು..." ಪುಟ್ಟಿ ಉಸಿರೆಳೆದುಕೊಂಡಳು. "ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು..."

ಮೂವತ್ತು ಅವಳಿಗಿನ್ನೂ ಬಾಯಿಗೆ ಬಂದಿರಲಿಲ್ಲ. ವಾಚ್‌ಮನ್ ತಲೆ ಕೆರೆದುಕೊಂಡ. ನಾನು ತಳ್ಳುವುದು ನಿಲ್ಲಿಸಿ ಅಕ್ಕನ ಮುಖ ನೋಡಿದೆ. ಅವಳಿಗೆ ಕೇಳಿಸಿತ್ತು, ಕೇಳಿಸದೆ ಇರುವವಳಲ್ಲ ಅವಳು.

ಮತ್ತೆ ಇಪ್ಪತ್ತೊಂಬತ್ತಾಯಿತು, ಮತ್ತೆ ಇಪ್ಪತ್ತು ಬಂತು. ಅಕ್ಕ ತುಟಿ ಬಿಚ್ಚಲಿಲ್ಲ. ಎರಡೂ ಕಾಲು ಮುಂದೆ ಚಾಚಿ ಇನ್ನೂ ಜೋರಾಗಿ ಜೀಕಿದಳು.