ಚಪ್ಪಲಿ ಬಿಡದೆ ಕೂರುವ ಜಾಗ

ಸೊಸೆ ಮಿಚಿರು ಮನೆಗಳ ನಕ್ಷೆ ಬರೆಯುವವಳು. ಮತ್ಸುಮೊತೊ ಊರಿನ ಹಳೇ ಮನೆ ಕೆಡವಿ ಕಟ್ಟಿಸಿದ ಹೊಸದರಲ್ಲಿ ಹಳೆಯದನ್ನೆಲ್ಲ ಜೋಪಾನವಾಗಿ ಉಳಿಸಿಕೊಂಡಿದ್ದಳು. ಕಾಗದದ ಜಾರುಬಾಗಿಲು, ಚಾಪೆಯ ಕೋಣೆ, ಘಮ್ಮೆನ್ನುವ ಮರದ ಸ್ನಾನದ ತೊಟ್ಟಿ, ಎಲ್ಲ ಇತ್ತು. ಇಲ್ಲದ್ದು ಒಂದೇ, ಬಾಗಿಲೊಳಗಿನ ಎತ್ತರದ ಮೆಟ್ಟಿಲು. ಅತ್ತೆ ತೊಮಿಯೆಯ ಮಂಡಿನೋವಿಗೆಂದು ನೆಲವನ್ನೆಲ್ಲ ಸಮ ಮಾಡಿಸಿದ್ದಳು. ಕರಿಕಲ್ಲು ಮುಗಿದು ಮರ ಶುರುವಾಗುವ ಗೆರೆಯಲ್ಲಿ ಚಪ್ಪಲಿ ಬಿಡಬೇಕು, ಅಷ್ಟೇ.

ಮಂಡಿಗೆ ಸುಖವಾಯಿತು, ತೊಮಿಯೆ ಸೊರಗಿದಳು. ಪಕ್ಕದ ಮನೆಯ ಗೆಳತಿ ಹರುನೊ ಬಂದು ಕೂರುವುದನ್ನೇ ಬಿಟ್ಟಿದ್ದಳು.

"ಒಳಗೆ ಬಾರೇ, ಚಹಾ ಇಟ್ಟಿದೀನಿ."

"ಅಯ್ಯೋ ಬೇಡ ಕಣೇ, ಕೆಲಸ ಬೇಕಾದಷ್ಟು ಬಿದ್ದಿದೆ."

ಕೆಲಸವಂತೆ! ಹಿಂದೆ ಇದೇ ಹರುನೊ ಮೆಟ್ಟಿಲ ಅಂಚಿನಲ್ಲಿ ಕೂತು, ಉಪ್ಪಿನಲ್ಲಿ ಹಾಕಿದ ಸೊಪ್ಪು ಮೆಲ್ಲುತ್ತ, ಬೀದಿಯವರ ಜಾತಕವನ್ನೆಲ್ಲ ಜಾಲಾಡಿ ಮಧ್ಯಾಹ್ನ ಮಾಡುತ್ತಿದ್ದವಳು. ತೊಮಿಯೆ ಕಲ್ಲಿನ ಮೇಲೊಂದು ಸ್ಟೂಲು ಹಾಕಿ ನೋಡಿದಳು.

"ಹಲ್ಲಿನ ಡಾಕ್ಟರ ಹತ್ರ ಸರದಿಗೆ ಕೂತ ಹಾಗಿದೆ," ಎಂದು ಹರುನೊ ಎದ್ದೇಬಿಟ್ಟಳು.

ಗೆಳತಿ ಕೈತಪ್ಪಿ ಹೋಗುತ್ತಿದ್ದಾಳೆ. ಆದರೆ ಸೊಸೆ ಅಕ್ಕರೆಯಿಂದ ಮಾಡಿಸಿದ್ದನ್ನು ಹಳಿಯಲು ತೊಮಿಯೆಗೆ ಬಾಯಿ ಬರಲಿಲ್ಲ.

ಒಂದು ಭಾನುವಾರ ಬಾಗಿಲಲ್ಲಿ ಈ ಎಳೆದಾಟ ಮಿಚಿರುವಿನ ಕಣ್ಣಿಗೇ ಬಿತ್ತು.

"ನಮ್ಮನೇಲಿ ಏನು ಕೊರತೆ ಅಜ್ಜಿ?"

"ಕೊರತೆ ಏನಿಲ್ಲಮ್ಮ," ಎಂದಳು ಹರುನೊ. "ಚಪ್ಪಲಿ ಬಿಟ್ಟು ಒಳಗೆ ಬಂದ್ರೆ ನಾನು ನೆಂಟಳು. ಕೈಲಿ ಸಿಹಿ ಡಬ್ಬಿ ಬೇಕು, ತೂತಿಲ್ಲದ ಕಾಲುಚೀಲ ಬೇಕು. ನಿಮ್ಮತ್ತೆ ಮನೆ ಗುಡಿಸಿರ್ಬೇಕು. ದಿನಾ ಯಾರ ಕೈಲಾಗತ್ತೆ? ಆ ಮೆಟ್ಟಿಲ ಮೇಲಾದ್ರೆ ಕಾಲು ಚಪ್ಪಲಿಲೇ ಇರತ್ತೆ. ಬಂದ ಹಾಗೂ ಅಲ್ಲ, ಬರದ ಹಾಗೂ ಅಲ್ಲ."

ಮಿಚಿರು ಅತ್ತೆಯತ್ತ ತಿರುಗಿದಳು. "ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೊಂದ್ಕೋತಿದ್ದೆ."

"ಈಗ ನೊಂದಿಲ್ವಾ?"

ಆಮೇಲೆ ಮನೆಯಲ್ಲಿ ಮಾತೇ ನಿಂತಿತು. ಗೆಳತಿಯಂತೆ ಸೊಸೆಯೂ ಕೈತಪ್ಪಿದಳು ಎಂದು ತೊಮಿಯೆಗೆ ದಿಗಿಲಾಯಿತು. ಮುಂದಿನ ವಾರ ಮಿಚಿರು ಹೇಳಿಕಳಿಸಿದ ಬಡಗಿ ಬಂದ. ನಡೆಯುವ ದಾರಿ ಸಮವಾಗಿಯೇ ಉಳಿಯಿತು. ಅದರ ಪಕ್ಕಕ್ಕೆ, ಕಲ್ಲೂ ಮರವೂ ಸೇರುವ ಗೆರೆಯ ಮೇಲೇ, ದಪ್ಪ ಹಲಗೆಯ ಪುಟ್ಟ ಜಗಲಿ ಎದ್ದಿತು. ಹರುನೊ ಚಪ್ಪಲಿಗಾಲನ್ನು ಕಲ್ಲಿನ ಕಡೆ ಇಳಿಬಿಟ್ಟು ಕೂತಳು, ತೊಮಿಯೆ ಬರಿಗಾಲನ್ನು ಮರದ ಕಡೆ. ನಡುವೆ ಚಹಾದ ತಟ್ಟೆ. ಒಂದು ಬೆಳಗ್ಗೆಯಲ್ಲೇ ಅರ್ಧ ಬೀದಿಯ ಮಾನ ಹರಾಜಾಯಿತು.

ಸಂಜೆ ಆಫೀಸಿನಿಂದ ಬಂದ ಮಿಚಿರು ಬೂಟು ಬಿಚ್ಚದೆ, ಮತ್ತೆ ಬಂದು ಕೂತಿದ್ದ ಹರುನೊ ಪಕ್ಕದಲ್ಲೇ ಕುಸಿದಳು. ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ.

"ನಮ್ಮನೇಲಿ ಒಬ್ರು ಅತ್ತೆ ಇದಾರೆ ಅಜ್ಜಿ. ಬಲು ಕಷ್ಟ. ಮನಸಲ್ಲಿರೋದು ಒಂದೂ ಬಾಯಿಗೆ ಬರಲ್ಲ."

ಹರುನೊ ಕಣ್ಣು ಮಿಂಚಿತು. "ಹೌದಾ? ಹೇಳು ಹೇಳು, ಪೂರ್ತಿ ಹೇಳು."

ತೊಮಿಯೆ ಇನ್ನೊಂದು ಬಟ್ಟಲಿಗೆ ಚಹಾ ಬಗ್ಗಿಸಿ ಸೊಸೆಯತ್ತ ಸರಿಸಿದಳು.

"ಆ ಅತ್ತೆ ನನಗೂ ಗೊತ್ತು ಕಣಮ್ಮ," ಎಂದಳು. "ಸೊಸೆ ಬಿಟ್ಟು ಹೋದಾಳು ಅಂತ ಹೆದರಿ ಸಾಯ್ತಾಳೆ."