ಕಡಲಿನ ಕಡೆಗೆ ಒಂದು ಸುತ್ತು

ಡೆಲ್ಫಿನಾ ಮಚಾಡೊ ಇಪ್ಪತ್ತೆಂಟನೇ ವಯಸ್ಸಿನಲ್ಲಿ ಹಾರುವುದನ್ನು ಕಲಿಯಲು ಹೊರಟಳು. ಕಡಲತೀರದ ಊರು ಸಾಂತಾ ಕ್ರೂಜ್‌ನಲ್ಲಿ ಅಷ್ಟು ಹೊತ್ತಿಗೆ ಹಾರುವವರೆಲ್ಲ ಹಾರಿ, ಬಿದ್ದು, ಮೂಳೆ ಮುರಿದುಕೊಂಡು ತೆಪ್ಪಗಾಗಿರುತ್ತಾರೆ. ಅವಳಿಗೆ ಇಷ್ಟು ವರ್ಷ ಅದರ ಗೊಡವೆಯೇ ಬೇಕಿರಲಿಲ್ಲ. ಬೋರ್ಡಿನ ಮೇಲೆ ನಿಂತು ಅಲೆ ಸವಾರಿ ಮಾಡುವ ಸರ್ಫಿಂಗಿನಲ್ಲಿ ಅವಳದು ಅಲೆಯ ಮೈಗೆ ಅಂಟಿಕೊಂಡ ಆಟ. ಬೋರ್ಡಿನ ಅಂಚನ್ನು ನೀರಿಗೆ ಒತ್ತಿ ಅವಳು ತಿರುಗಿದಳೆಂದರೆ, ಮೇಲೆ ಬಂಡೆಯ ಅಂಚಿನಲ್ಲಿ ಕಾಫಿ ಹಿಡಿದು ನಿಂತವರು ಕುಡಿಯುವುದನ್ನು ಮರೆಯುತ್ತಿದ್ದರು.

ಆದರೆ ಸ್ಪರ್ಧೆಗಳ ಕಾಲ ಬದಲಾಗಿತ್ತು. ಈಗ ಹುಡುಗಿಯರೂ ಅಲೆಯ ನೆತ್ತಿಯಿಂದ ಗಾಳಿಗೆ ಚಿಮ್ಮಿ, ಅಲ್ಲೇ ಸುತ್ತಿ, ಮತ್ತೆ ಅಲೆಯ ಮೇಲೆ ಇಳಿಯುತ್ತಿದ್ದರು. ಅಂಕವೆಲ್ಲ ಅವರ ಪಾಲಾಗುತ್ತಿತ್ತು. ಡೆಲ್ಫಿನಾ ಮೊದಲ ಸುತ್ತು ದಾಟಿ ಎರಡು ವರ್ಷವಾಗಿತ್ತು. ಬೋರ್ಡು ಕೊಡುತ್ತಿದ್ದ ಕಂಪನಿಯವರು ಅವಳ ಫೋನು ಎತ್ತುವುದನ್ನೇ ಬಿಟ್ಟಿದ್ದರು. ಬೆಳಿಗ್ಗೆ ಬಂದರಿನ ಮೀನಂಗಡಿಯಲ್ಲಿ ಏಡಿ ಒಡೆದು ಮಾಂಸ ಬಿಡಿಸುವ ಕೆಲಸ, ಮಧ್ಯಾಹ್ನ ಕಡಲು. ಹೀಗೆ ದಿನ ನೂಕುತ್ತಿದ್ದಳು.

ಕಲಿಸಲು ಒಪ್ಪಿದವಳು ಬ್ರಿಟ್ಟಾ ಹಾಲ್ವರ್‌ಸನ್. ಒಂದೇ ಊರು, ಒಂದೇ ಓರಗೆ. ಶಾಲೆಯ ದಿನಗಳಿಂದ ಗೆಳತಿ, ನೀರಿಗಿಳಿದರೆ ಎದುರಾಳಿ. ಬ್ರಿಟ್ಟಾ ಹನ್ನೆರಡನೇ ವಯಸ್ಸಿನಿಂದ ಹಾರುತ್ತಿದ್ದವಳು. ಆ ವರ್ಷ ದೊಡ್ಡ ಪಂದ್ಯಗಳ ಬಾಗಿಲು ಅವಳಿಗೆ ಇನ್ನೇನು ತೆರೆಯುವುದರಲ್ಲಿತ್ತು.

ಕಲಿಯಬೇಕಾದದ್ದು ಆಲಿ-ಊಪ್ ಎಂಬ ಪಟ್ಟು. ಮಾಮೂಲಿ ಹಾರಾಟದಲ್ಲಿ ಮೈ ದಡದ ಕಡೆಗೆ ಹೊರಳುತ್ತದೆ. ಎಲ್ಲಿ ಇಳಿಯಬೇಕು ಅನ್ನುವುದು ಕಣ್ಣಿಗೆ ಕಾಣುತ್ತಿರುತ್ತದೆ. ಇದರಲ್ಲಿ ಹಾಗಲ್ಲ. ಗಾಳಿಗೆ ಚಿಮ್ಮಿದ ಮೇಲೆ ಕಡಲಿನ ಕಡೆಗೆ, ಬಂದ ದಾರಿಯ ಕಡೆಗೇ ತಿರುಗಬೇಕು. ಅರ್ಧ ಸುತ್ತಿನವರೆಗೆ ಇಳಿಯುವ ಜಾಗಕ್ಕೆ ಬೆನ್ನು. ಎದುರಿನಿಂದ ಗಾಳಿ ಬೀಸಿ ಬೋರ್ಡನ್ನು ಅಂಗಾಲಿಗೆ ಒತ್ತಿ ಹಿಡಿಯುತ್ತದೆ ಎಂದು ನಂಬಿ ತಿರುಗಬೇಕು. ನಂಬಿಕೆ ಒಂದು ಚೂರು ಅಲುಗಿದರೂ ಬೋರ್ಡು ಒಂದು ಕಡೆ, ಮೈ ಒಂದು ಕಡೆ.

ಡೆಲ್ಫಿನಾಳ ಮೈ ಯಾವಾಗಲೂ ಒಂದು ಕಡೆಯೇ.

"ಏನೇ ಇದು, ಮಹಡಿಯಿಂದ ಹಾಸಿಗೆ ಎಸೆದ ಹಾಗೆ ಬೀಳ್ತೀಯಲ್ಲ," ಎಂದು ಬ್ರಿಟ್ಟಾ ಬೋರ್ಡಿನ ಮೇಲೆ ಕೂತು ನಗುತ್ತಿದ್ದಳು.

"ನೀನು ನಗೋದು ನಿಲ್ಲಿಸಿದ್ರೆ ನೆಟ್ಟಗೆ ಬೀಳ್ತೀನಿ."

"ಬೀಳೋದು ಕಲಿಸೋಕೆ ಬಂದಿಲ್ಲ ಕಣೇ ನಾನು. ತಲೆ ಮೊದಲು ತಿರುಗಲಿ. ಆಮೇಲೆ ಭುಜ. ನೀನು ನೀರು ನೋಡ್ತಾ ಕೂತ್ಕೋತೀಯ. ಅಲ್ಲೇನು ನಿಮ್ಮಜ್ಜ ಬಲೆ ಹಾಕಿದಾನಾ?"

ವಸಂತದ ಮಧ್ಯಾಹ್ನಗಳಲ್ಲಿ ಗಾಳಿ ಎದ್ದು ಕಡಲು ಕದಡುತ್ತದೆ. ಉಳಿದವರೆಲ್ಲ ಬೈದುಕೊಂಡು ಮನೆಗೆ ಹೋಗುತ್ತಾರೆ. ಆಗ ಇವರಿಬ್ಬರೇ ನೀರಿನಲ್ಲಿ. ಡೆಲ್ಫಿನಾಳ ಪಕ್ಕೆಲುಬು ಬೋರ್ಡಿನ ಏಟಿಗೆ ಕಂದಿತು. ಬೋರ್ಡಿನಡಿಯ ರೆಕ್ಕೆ ಬಡಿದು ಗಲ್ಲ ಸೀಳಿ ಹೊಲಿಗೆ ಬಿತ್ತು. ಮೀನಂಗಡಿಯಲ್ಲಿ ಏಡಿ ಒಡೆಯುವಾಗ ಮಣಿಕಟ್ಟು ಮಾತು ಕೇಳುತ್ತಿರಲಿಲ್ಲ. ಬೇಸಿಗೆ ಬಂದರೂ ಒಂದು ಸಲವೂ ಅವಳು ಇಳಿದು ನಿಲ್ಲಲಿಲ್ಲ.

ಜುಲೈನ ಒಂದು ಮಧ್ಯಾಹ್ನ ಬ್ರಿಟ್ಟಾ, "ಇವತ್ತಿಗೆ ಸಾಕು, ಹಸಿವಾಗ್ತಿದೆ," ಎಂದಳು.

"ಒಂದೇ ಒಂದು ಸಲ ತೋರಿಸು," ಅಂದಳು ಡೆಲ್ಫಿನಾ. "ಹಿಂಗಾಲು ಯಾವಾಗ ಎಳ್ಕೋತೀಯ ಅನ್ನೋದು ಮಾತ್ರ ನೋಡ್ತೀನಿ."

"ನೂರು ಸಲ ನೋಡಿದೀಯ."

"ನೂರಾ ಒಂದು."

ಬ್ರಿಟ್ಟಾ ಕಣ್ಣು ಹೊರಳಿಸಿ, ಬಂದ ಅಲೆಯನ್ನು ಹಿಡಿಯಲು ಬೋರ್ಡಿನ ಮೇಲೆ ಮಲಗಿ ಕೈಯಿಂದ ನೀರು ತಳ್ಳಿದಳು. ಡೆಲ್ಫಿನಾ ನೀರಿನಲ್ಲಿ ಕೂತು ನೋಡಿದಳು. ಗೆಳತಿ ಅಲೆಯ ಬುಡದಿಂದ ಮೇಲೇರಿದ್ದು, ಚಿಮ್ಮಿದ್ದು, ಹಿಂಗಾಲು ಎದೆಯ ಕಡೆಗೆ ಬಂದದ್ದು, ಎಲ್ಲ ನಿಚ್ಚಳವಾಗಿ ಕಂಡಿತು. ಆದರೆ ಕೆಳಗೆ ಅಲೆ ಆಗಲೇ ಒಡೆದು ಮುಂದೆ ಹೋಗಿತ್ತು. ಬ್ರಿಟ್ಟಾ ಚಪ್ಪಟೆ ನೀರಿನ ಮೇಲೆ ಇಳಿದಳು. ಬೋರ್ಡು ಅಲ್ಲೇ ಕಚ್ಚಿ ನಿಂತಿತು, ಅವಳು ನಿಲ್ಲಲಿಲ್ಲ.

ಅವಳು ನೊರೆಯಿಂದ ತಲೆ ಎತ್ತಿದಾಗ ಕೂಗಲಿಲ್ಲ. ಮುಖ ಮಾತ್ರ ಬಿಳಿಚಿತ್ತು.

"ಡೆಲ್, ನನ್ನ ಕಾಲು ಯಾವ ಕಡೆ ಇದೆ ನೋಡು."

ಮೊಣಕಾಲಿನ ಕಟ್ಟುಗಳೆಲ್ಲ ಹರಿದಿದ್ದವು. ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು ನಡೆಯಬಹುದು, ಮೆಟ್ಟಿಲು ಹತ್ತಬಹುದು ಎಂದರು. ಉಳಿದದ್ದನ್ನು ಬ್ರಿಟ್ಟಾ ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಸೆಪ್ಟೆಂಬರಿನಲ್ಲಿ ದಕ್ಷಿಣದ ಕರಾವಳಿಯಲ್ಲಿ ದೊಡ್ಡದೊಂದು ಸ್ಪರ್ಧೆಯಿತ್ತು. ಬ್ರಿಟ್ಟಾಳ ಜಾಗ ತೆರವಾಗಿ, ಪಟ್ಟಿಯಲ್ಲಿ ಅವಳ ನಂತರದವಳಿಗೆ ಕರೆ ಬಂತು. ಹಳೆಯ ಅಂಕಗಳ ಬಲದಿಂದ ಆ ನಂತರದವಳು ಡೆಲ್ಫಿನಾ. ಹೋಗುವುದಿಲ್ಲ ಎಂದು ಹೇಳಲು ಅವಳು ಬ್ರಿಟ್ಟಾಳ ಮನೆಗೆ ಹೋದಳು.

ಬ್ರಿಟ್ಟಾ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು. "ನಾಟಕ ಆಡಬೇಡ. ನೀನು ಹೋಗದಿದ್ರೆ ಪಟ್ಟಿಲಿ ನಿನ್ನ ಹಿಂದಿರೋ ಆ ಫ್ಲೋರಿಡಾದವಳು ಹೋಗ್ತಾಳೆ. ಅವಳ ಮುಖ ಟಿವಿಲಿ ನೋಡೋ ಕರ್ಮ ನನಗೆ ಬೇಡ."

ಡೆಲ್ಫಿನಾ ಹೋದಳು. ಅಲ್ಲಿ ಅಲೆಗಳು ಅವಳಿಗಾಗಿಯೇ ಬಂದಂತೆ ಉದ್ದಕ್ಕೆ, ನುಣ್ಣಗೆ ಬಂದವು. ಒಂದು ಸಲವೂ ಹಾರದೆ, ಬರೀ ತಿರುವುಗಳಲ್ಲೇ ಸುತ್ತಿನಿಂದ ಸುತ್ತಿಗೆ ದಾಟಿದಳು. ಇನ್ನೊಂದು ಸುತ್ತು ಗೆದ್ದರೆ ಮುಂದಿನ ವರ್ಷ ಪೂರ್ತಿ ದೊಡ್ಡ ಪಂದ್ಯಗಳಲ್ಲಿ ಆಡಬಹುದಿತ್ತು. ಆ ಸುತ್ತಿನ ಕೊನೆಯ ನಿಮಿಷಗಳಲ್ಲಿ ಅವಳಿಗೆ ಬೇಕಾಗಿದ್ದದ್ದು ಸಣ್ಣ ಅಂಕ. ಎರಡು ತಿರುವು ಹಾಕಿ ಬೀಳದೆ ನಿಂತರೆ ಮುಗಿಯುತ್ತಿತ್ತು.

ಅಲೆ ಬಂತು. ಮೊದಲ ತಿರುವು ಬೆಣ್ಣೆಯಲ್ಲಿ ಕತ್ತಿ ಇಳಿದಂತೆ ಹೋಯಿತು. ಆಮೇಲೆ ಮುಂದೆ ಅಲೆಯ ನೆತ್ತಿ ಬಾಗಿದ್ದು ಕಂಡಿತು; ಗಾಳಿ ಎದುರಿನಿಂದ ಕೆನ್ನೆಗೆ ಬಡಿಯಿತು. ಬ್ರಿಟ್ಟಾ ಇದ್ದಿದ್ದರೆ ಇಲ್ಲೇ ಹಾರುತ್ತಿದ್ದಳು. ಅವಳ ಜಾಗಕ್ಕೆ ಬಂದು, ಅವಳ ಪಟ್ಟು ಬಿಟ್ಟು, ಸಣ್ಣ ಅಂಕ ಹೆಕ್ಕಿಕೊಂಡು ಹೋಗುವುದೇ? ಹಾಗೆ ಅನ್ನಿಸಿತು ಎಂದು ಅವಳು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಆ ಕ್ಷಣದಲ್ಲಿ ಅಷ್ಟೆಲ್ಲ ಅನ್ನಿಸಲು ಹೊತ್ತೆಲ್ಲಿತ್ತು?

ಚಿಮ್ಮಿದಳು. ತಲೆ ತಿರುಗಿತು, ಭುಜ ತಿರುಗಿತು, ಕಣ್ಣೆದುರು ಬರೀ ಕಡಲು. ಗಾಳಿ ಬೋರ್ಡನ್ನು ಅಂಗಾಲಿಗೆ ಒತ್ತಿತು. ಸುತ್ತು ಪೂರ್ತಿಯಾಯಿತು, ದಡ ಕಂಡಿತು, ಬೋರ್ಡು ಅಲೆಗೆ ತಾಗಿತು. ಕಣ್ಣು ಮಿಟುಕಿಸುವಷ್ಟು ಹೊತ್ತು ಅವಳು ಅದರ ಮೇಲೆ ನಿಂತಿದ್ದಳು. ದಡದಲ್ಲಿ ಜನ ಎದ್ದು ನಿಂತದ್ದೂ ಕಂಡಿತು. ಆಮೇಲೆ ಹಿಂಗಾಲು ಜಾರಿತು.

ಗೆದ್ದವಳು ಬಂದು ತಬ್ಬಿಕೊಂಡು ಏನೋ ಹೇಳಿದಳು. ಡೆಲ್ಫಿನಾಗೆ ಕಿವಿಯೊಳಗಿನ ನೀರಿನ ಸದ್ದು ಬಿಟ್ಟು ಏನೂ ಕೇಳಲಿಲ್ಲ.

ಊರಿಗೆ ಬಂದು ಎರಡು ದಿನ ತಪ್ಪಿಸಿಕೊಂಡು ತಿರುಗಿ, ಮೂರನೇ ದಿನ ಅವಳು ಬ್ರಿಟ್ಟಾಳ ಮುಂದೆ ನಿಂತಳು.

"ಎರಡು ತಿರುವು ಸಾಕಾಗಿತ್ತು. ಯಾಕೆ ಹಾರಿದೆ?"

"ನಿನಗೋಸ್ಕರ..."

"ನಿಲ್ಸು." ಬ್ರಿಟ್ಟಾಳ ದನಿ ಏರಲಿಲ್ಲ. "ನನಗೋಸ್ಕರ ಅಂತ ಮಾತ್ರ ಹೇಳಬೇಡ. ನೀನು ಸೋತಿದ್ದನ್ನ ನನ್ನ ತಲೆಗೆ ಕಟ್ಟಬೇಡ. ನನಗೆ ಈ ಕಾಲು ಹೊರೋದೇ ಸಾಕಾಗಿದೆ."

ಡೆಲ್ಫಿನಾ ಸೋಫಾದ ತುದಿಯಲ್ಲಿ ಕೂತಳು. ಕ್ಷಮೆ ಕೇಳಬೇಕೆಂದು ಬಂದಿದ್ದಳು. ಯಾವುದಕ್ಕೆ ಎಂದು ಶುರುಮಾಡುವುದೋ ತಿಳಿಯಲಿಲ್ಲ. ಆಮೇಲೆ ಇಬ್ಬರೂ ಟಿವಿ ನೋಡಿದರು. ಅಡುಗೆಯ ಕಾರ್ಯಕ್ರಮವೊಂದು ಬರುತ್ತಿತ್ತು.

ಅಕ್ಟೋಬರ್ ಪೂರ್ತಿ ಅವಳು ಒಬ್ಬಳೇ ನೀರಿಗಿಳಿದಳು. ಒಂದು ಸಲ ಹತ್ತಿರ ಬಂದದ್ದು ಇನ್ನೊಂದು ಸಲ ಬಾರದೇ ಇರುತ್ತದೆಯೇ ಎಂದುಕೊಂಡಳು. ಅಷ್ಟು ಹತ್ತಿರ ಅದು ಮತ್ತೆಂದೂ ಬರಲಿಲ್ಲ.

ನವೆಂಬರಿನಲ್ಲಿ ಬ್ರಿಟ್ಟಾ ಮನೆ ಖಾಲಿ ಮಾಡಿದಳು. ಫ್ರೆಸ್ನೊದಲ್ಲಿ ಅವಳ ಅಕ್ಕನಿದ್ದಳು, ಅಲ್ಲಿ ದಂತವೈದ್ಯರೊಬ್ಬರ ಹತ್ತಿರ ಕೆಲಸ ಸಿಕ್ಕಿತ್ತು. ಕಡಲಿನಿಂದ ಮೂರು ಗಂಟೆ ದಾರಿಯ ಬಯಲು ಊರು. ಸಾಮಾನು ಏರಿಸಲು ಡೆಲ್ಫಿನಾ ಹೋದಳು. ಪೆಟ್ಟಿಗೆಗಳೆಲ್ಲ ಟ್ರಕ್ಕಿಗೆ ಹೋದ ಮೇಲೆ ಬ್ರಿಟ್ಟಾ ಊರುಗೋಲು ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕೂತಳು.

"ಇನ್ನೂ ಹಾರ್ತಿದೀಯಂತೆ."

"ಹೂಂ."

"ಬಂತಾ?"

"ಇಲ್ಲ."

"ಬರಲ್ಲ ಕಣೇ ಅದು." ಅವಳು ಹಂಗಿಸುತ್ತಿರಲಿಲ್ಲ. "ಬೀಳೋಕೆ ನೀನು ಹೆದರಲ್ಲ, ಸರಿ. ಆದ್ರೆ ನಿನ್ನ ಕಾಲಿಗೆ ನೀರು ಬಿಟ್ಟು ಇರೋಕೆ ಗೊತ್ತಿಲ್ಲ. ನನಗೆ ಮೊದಲ ವಾರದಲ್ಲೇ ಗೊತ್ತಾಗಿತ್ತು."

ಡೆಲ್ಫಿನಾ ಅವಳ ಮುಖ ನೋಡಿದಳು. "ಮೊದಲ ವಾರದಲ್ಲೇ?"

"ಹೂಂ."

"ಮತ್ತೆ ಅಷ್ಟು ದಿನ ಯಾಕೆ ಕಲಿಸಿದೆ?"

ಬ್ರಿಟ್ಟಾ ಮೊಣಕಾಲಿನ ಪಟ್ಟಿ ಸಡಿಲಿಸಿ ಮತ್ತೆ ಬಿಗಿದಳು. "ಗಾಳಿ ಇದ್ದಾಗ ಯಾರೂ ನೀರಿಗೆ ಬರಲ್ಲ. ಒಬ್ಬಳೇ ಇರೋಕೆ ಬೇಜಾರು. ನೀನು ದಿನಾ ಬರ್ತಿದ್ದೆ."

ಡೆಲ್ಫಿನಾಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತೋರಿಸು ಎಂದು ಅಂಗಲಾಚಿದವಳು ತಾನು. ತನಗೆ ಅದು ಬಾರದೆಂದು ತಿಳಿದೂ ಹಾರಿ ತೋರಿಸಿದವಳು ಬ್ರಿಟ್ಟಾ. ಯಾರ ಮೇಲೆ ಎಂದು ಸಿಟ್ಟಾಗುವುದು?

"ಮೊದಲೇ ಹೇಳಿದ್ದಿದ್ರೆ..." ಎಂದು ಶುರುಮಾಡಿ ಅವಳು ಅಲ್ಲಿಗೇ ಬಿಟ್ಟಳು.

"ಗೊತ್ತು," ಅಂದಳು ಬ್ರಿಟ್ಟಾ.

ಬ್ರಿಟ್ಟಾಳ ಭಾವ ಬಂದು ಟ್ರಕ್ಕಿನ ಬಾಗಿಲು ಎಳೆದ. ಡೆಲ್ಫಿನಾ ಗೆಳತಿಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಮುಂದಿನ ಸೀಟಿಗೆ ಹತ್ತಿಸಿ, ಮಡಚಲು ಬಾರದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟಳು. ಅದು ಅವಳು ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು. ಟ್ರಕ್ಕು ಬೆಟ್ಟದ ರಸ್ತೆಗೆ ತಿರುಗುವವರೆಗೆ ನಿಂತಿದ್ದು, ಆಮೇಲೆ ಬಂದರಿನ ಕಡೆಗೆ ನಡೆದಳು. ಏಡಿಯ ಸುಗ್ಗಿ ಶುರುವಾಗಿತ್ತು. ಬೆಳಿಗ್ಗೆಯಷ್ಟೇ ಅಲ್ಲ, ಮಧ್ಯಾಹ್ನವೂ ಬಾ ಎಂದು ಅಂಗಡಿಯವರು ಹೇಳಿಕಳಿಸಿದ್ದರು.